ಆರೋಗ್ಯದ ಮೇಷ್ಟ್ರಾಗಬಯಸುವವರಿಗೆ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಫಿಸಿಯೋಥೆರಪಿಸ್ಟ್ ಆಗಿ ಹದಿನೈದು ವರ್ಷ ದುಡಿದವನು. ಕೆಲಸ ಬಿಡದೆ, ವಾರಾಂತ್ಯದ ತರಗತಿಗಳಲ್ಲಿ ಒಂದು ವರ್ಷ ಓದಿ ‘ಹೆಲ್ತ್ ಅಂಡ್ ವೆಲ್‌ನೆಸ್ ಕೋಚಿಂಗ್’ ವಿಷಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಪಡೆಯಬೇಕೆಂಬ ಆಲೋಚನೆ ಅವನದು. “ಸೇರಲೋ ಬೇಡವೋ, ನೀವೇ ಹೇಳಿ ಮೇಷ್ಟ್ರೇ” ಎಂದ. ನಾನು ಒಡನೆಯೇ ಉತ್ತರಿಸಲಿಲ್ಲ. ವಾರವಿಡೀ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿಯೂ ವೈದ್ಯರು, ದಾದಿಯರು, ಔಷಧದಂಗಡಿಯವರು ಇದ್ದೀರಿ, ಉಪಯೋಗಕ್ಕೆ ಬಂದೀತು.

ಕೋಚ್ ಎಂದರೆ ನನ್ನ ತಲೆಮಾರಿನವರಿಗೆ ರೈಲಿನ ಡಬ್ಬಿ, ಇಲ್ಲವೇ ಕ್ರಿಕೆಟ್ ಕಲಿಸುವವನು. ಹಂಗರಿ ದೇಶದ ಹಳ್ಳಿಯೊಂದರಲ್ಲಿ ತಯಾರಾಗುತ್ತಿದ್ದ ಗಾಡಿಗೆ ಆ ಹಳ್ಳಿಯ ಹೆಸರೇ ಅಂಟಿ ಹುಟ್ಟಿದ ಶಬ್ದವಿದು. ಮುಂದೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ತಮಾಷೆಯಾಗಿ ಅದೇ ಹೆಸರಿಟ್ಟರು. ಗಾಡಿ ಯಾವ ಊರಿಗೆ ಹೋಗಬೇಕೆಂಬುದನ್ನು ನಿರ್ಧರಿಸುವವನು ಪ್ರಯಾಣಿಕನೇ ಎಂಬುದನ್ನು ಮಾತ್ರ ನಾವು ಮೇಷ್ಟ್ರುಗಳು ಮರೆತುಬಿಡುತ್ತೇವೆ.

ನನ್ನ ತಮ್ಮನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ತರಗುಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಸಕ್ಕರೆ ಕಾಯಿಲೆ ಬಂದ ಮೇಲೆ ಹನ್ನೆರಡು ವರ್ಷ, ಮೂರು ತಿಂಗಳಿಗೊಮ್ಮೆ ತಪ್ಪದೆ ಆಸ್ಪತ್ರೆಗೆ ಹೋದ. ಪ್ರತಿ ಸಲವೂ ಅದೇ ಚೀಟಿ, ಅದೇ ಮಾತು: “ಅನ್ನ ಕಡಿಮೆ ಮಾಡಿ, ನಡೆಯಿರಿ.” ತಲೆಯಾಡಿಸಿ ಬರುತ್ತಿದ್ದ. ಮಧ್ಯಾಹ್ನ ಗಿರಾಕಿಗಳ ನಡುವೆ ಎರಡು ಬಾಳೆಹಣ್ಣು, ಒಂದು ಲೋಟ ಕಾಫಿ; ರಾತ್ರಿ ಒಂಬತ್ತೂವರೆಗೆ ಮಂಡಿ ಮುಚ್ಚಿದ ಮೇಲೆ ಹತ್ತೂವರೆಗೆ ಹೊಟ್ಟೆ ತುಂಬ ಊಟ. ಇದನ್ನು ಯಾರೂ ಕೇಳಲಿಲ್ಲ, ಅವನಾಗಿ ಹೇಳಲೂ ಇಲ್ಲ. ನಾನೂ ಕೇಳಲಿಲ್ಲ, ಬೈದೆ. 2019ರಲ್ಲಿ ಅವನ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆ ಬಳಿಕ ಒಬ್ಬ ಆಹಾರತಜ್ಞೆ ಅರ್ಧ ಗಂಟೆ ಎದುರಿಗೆ ಕುಳಿತು, “ನಿಮ್ಮ ದಿನ ಹೇಗೆ ಕಳೆಯುತ್ತದೆ, ಹೇಳಿ” ಎಂದು ಕೇಳಿದರು. ಏಳು ಗಂಟೆಗೇ ಮಂಡಿಯಲ್ಲಿ ಡಬ್ಬಿಯ ಊಟ ಮುಗಿಸುವ ಉಪಾಯವನ್ನು ಅವನೇ ಹೇಳಿದ, ಅವನೇ ಪಾಲಿಸಿದ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರನ್ನು ತಡೆಯುವುದು ಸಾಧ್ಯವೆಂಬುದಕ್ಕೆ ಪುರಾವೆಯೂ ಉಂಟು. ಅಮೆರಿಕದಲ್ಲಿ ಇಂಥ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನ ಪ್ರತಿಯೊಬ್ಬರಿಗೂ ಮಾರ್ಗದರ್ಶಕರನ್ನು ಗೊತ್ತುಮಾಡಿ, ಮೊದಲ 24 ವಾರಗಳಲ್ಲಿ 16 ಪಾಠಗಳನ್ನು ಒಬ್ಬೊಬ್ಬರಿಗೇ ಹೇಳಿಸಿದರು. ಕಾಯಿಲೆಗೆ ತಿರುಗುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇಕಡಾ 31. ನಮ್ಮ ದೇಶದಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಶೇಕಡಾ 28.5, ಆದರೂ ಮಾತ್ರೆಗೆ ಸರಿಸಮ.

ಅಷ್ಟು ದೂರವೇಕೆ, ಚಾಮರಾಜಪೇಟೆಯ ಪಕ್ಕದ ಗವೀಪುರದಲ್ಲೇ ‘ಎಸ್-ವ್ಯಾಸ’ ಸಂಸ್ಥೆಯ ಏಕನಾಥ ಭವನವಿದೆ. ಆ ಸಂಸ್ಥೆಯನ್ನು ಕಟ್ಟಿದ ಡಾ. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ ಪ್ರಸಿದ್ಧ. 53 ಉಬ್ಬಸ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ದಿನವೂ 65 ನಿಮಿಷ ತಾವೇ ಅಭ್ಯಾಸ ಮಾಡಬೇಕೆಂದು ಹೇಳಿ ಕಳುಹಿಸಿದರು. ಯೋಗ ಕಲಿಯದ 53 ಜನರೊಡನೆ ಹೋಲಿಸಿದಾಗ ಇವರಿಗೆ ಉಬ್ಬಸ ಬರುವುದೂ ಔಷಧದ ಅಗತ್ಯವೂ ಹೆಚ್ಚು ಕಡಿಮೆಯಾಗಿದ್ದವು. ಮುಂದೆ ಇದೇ ಸಂಸ್ಥೆ ವೈದ್ಯರಿಗಾಗಿಯೇ ಯೋಗಚಿಕಿತ್ಸೆಯ ಸ್ನಾತಕೋತ್ತರ ಡಿಪ್ಲೊಮಾ ಏರ್ಪಡಿಸಿತು. ಹಾಗಾಗಿ ನನ್ನ ಶಿಷ್ಯ ಓದಬಯಸುವ ವಿದ್ಯೆ ನಮ್ಮ ಪೇಟೆಗೆ ತೀರ ಹೊಸದೇನಲ್ಲ.

ವಾರಕ್ಕೆರಡು ದಿನ ಓದಿದರೆ ಏನು ಬಂದೀತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂಜೆ ಕಾಲೇಜುಗಳಲ್ಲಿ ಓದಿ ಮೇಲೆ ಬಂದ ಗುಮಾಸ್ತರ ಊರಿದು. ಈ ವಿದ್ಯೆಗಂತೂ ಅರೆಕಾಲಿಕವೇ ಲೇಸು. ಭಾನುವಾರ ಕಲಿತದ್ದನ್ನು ಸೋಮವಾರ ಜೀವಂತ ರೋಗಿಯ ಎದುರು ಪರೀಕ್ಷಿಸಿ ನೋಡಬಹುದು. ನನ್ನ ಆತಂಕ ಬೇರೆ. ಬಿ.ಎಡ್. ಓದುವಾಗ ನಾವು ಪಾಠ ಮಾಡುತ್ತಿದ್ದರೆ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಆ ಮುಜುಗರದಿಂದ ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅಮೆರಿಕದ ಆರೋಗ್ಯ ಕೋಚ್‌ಗಳ ರಾಷ್ಟ್ರೀಯ ಮಂಡಳಿ 2017ರಿಂದ ಪರೀಕ್ಷೆ ನಡೆಸುತ್ತಿದೆ. ಅದಕ್ಕೆ ಕೂರಬೇಕಾದರೆ 50 ಭೇಟಿಗಳ ದಾಖಲೆ ಬೇಕು. ಪ್ರತಿ ಭೇಟಿಯ ಮುಕ್ಕಾಲು ಪಾಲಾದರೂ ಉಪದೇಶವಲ್ಲದ ಮಾತುಕತೆಯಾಗಿರಬೇಕೆಂಬ ಷರತ್ತೂ ಉಂಟು. ಈ ಷರತ್ತು ನನಗೆ ಬಹಳ ಹಿಡಿಸಿತು, ನನ್ನಿಂದ ಪಾಲಿಸಲಾಗದಿದ್ದರೂ!

ನಮ್ಮಲ್ಲಿ ವೈದ್ಯರಿಗೂ ದಾದಿಯರಿಗೂ ಇರುವಂಥ ಪರಿಷತ್ತು ಕೋಚ್‌ಗಳಿಗಿಲ್ಲ. ನಾಲ್ಕು ವಿಡಿಯೋ ನೋಡಿ ಪ್ರಮಾಣಪತ್ರ ಪಡೆದವನೂ ಫಲಕ ಹಾಕಿಕೊಳ್ಳಬಹುದು. ಇನ್ಸುಲಿನ್ ಬಿಡಿ, ಕಷಾಯ ಕುಡಿಯಿರಿ ಎನ್ನಲೂಬಹುದು. ಆದುದರಿಂದ ಶುಲ್ಕ ಕಟ್ಟುವ ಮುನ್ನ ಎರಡೇ ಪ್ರಶ್ನೆ ಕೇಳಿ ಬಾ ಎಂದು ಶಿಷ್ಯನಿಗೆ ಫೋನಿನಲ್ಲಿ ಹೇಳಿದೆ: ಎಷ್ಟು ಜನ ನಿಜವಾದ ರೋಗಿಗಳೊಡನೆ ನಿನ್ನನ್ನು ಕೂರಿಸುತ್ತಾರೆ? ಆಗ ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು? ಸರಿಯಾದ ಉತ್ತರ ಸಿಕ್ಕರೆ ಸೇರು. ಇಲ್ಲವಾದರೆ ಆ ಹಣವನ್ನು ಮಗಳ ಓದಿಗೆ ಇಟ್ಟುಕೋ.

ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದ ತಮ್ಮ ನಕ್ಕ. “ಅಭ್ಯಾಸಕ್ಕೆ ರೋಗಿ ಸಿಗದಿದ್ದರೆ ನಾನಿದ್ದೇನೆ ಅಂತ ಹೇಳಣ್ಣ. ಆದರೆ ನೀನು ಮಾತ್ರ ಆ ಕೋಣೆಯಲ್ಲಿ ಇರಕೂಡದು.”