ಯೂರಿಯಾದ ಹಸಿರು, ಟೊಮ್ಯಾಟೊದ ಕೆಂಪು

ಕನ್ನಡ ಕಲಿಸುವ ನಮಗೆ ಗೊಬ್ಬರ-ನೀರಿನ ಉಸಾಬರಿ ಏಕೆಂದು ಪಾಲಕರು ಕೇಳಬಹುದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೊಲದ ಮನೆಗಳಿಂದಲೇ ಬರುವವರು. ಬೆಳೆ ಕೆಟ್ಟ ವರ್ಷ ಮೊದಲು ಬರಿದಾಗುವುದು ತರಗತಿಯ ಬೆಂಚು. ಆದುದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಜತ್ತ ತಾಲೂಕಿನ ಮಳೆಯ ಸಂಗತಿಯನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬೋರ ನದಿಗೆ ಕಟ್ಟಿದ ಸಂಖದ ಕೆರೆ ಇದೆ ನಿಜ. ಮಳೆಯೇ ಕೈಕೊಟ್ಟರೆ ಕೆರೆಯಾದರೂ ಏನು ಮಾಡೀತು? ಟೊಮ್ಯಾಟೊ ಬೆಳೆಯುವವರು ನೀರಿನ ಕೊರತೆಯನ್ನೇ ದೂರುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಇದ್ದ ನೀರನ್ನು ಹೊತ್ತುಗೊತ್ತಿಲ್ಲದೆ, ಯೂರಿಯಾವನ್ನು ಅಳತೆಯಿಲ್ಲದೆ ಕೊಡುವುದರಿಂದಲೂ ಹಣ್ಣು ಕೆಡುತ್ತದೆ. ಇದು ನಮ್ಮ ಕೈಯಲ್ಲಿರುವ ಮಾತು.

ಟೊಮ್ಯಾಟೊ ಹಣ್ಣಿನ ತೂಕದಲ್ಲಿ 100ಕ್ಕೆ 90 ಪಾಲಿಗೂ ಹೆಚ್ಚು ನೀರೇ. ಗಿಡವನ್ನು ಹಲವು ದಿನ ಒಣಗಿಸಿ, ಕರೆಂಟು ಬಂದ ರಾತ್ರಿ ಸಾಲು ತುಂಬ ಹಾಯಿಸಿದರೆ ಬಲಿತ ಹಣ್ಣಿನ ತಿರುಳು ಒಮ್ಮೆಲೆ ಉಬ್ಬುತ್ತದೆ. ಸಿಪ್ಪೆ ಅಷ್ಟು ಹಿಗ್ಗಲಾರದೆ ಸೀಳುತ್ತದೆ. ಇನ್ನು ಕಾಯಿಯ ತುದಿ ಕಪ್ಪಾಗಿ ಗುಳಿ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ರೋಗವೆಂದು ತಿಳಿದು ಅದಕ್ಕೆ ಔಷಧ ಹೊಡೆಯುವವರುಂಟು. ಅದು ಅಂಟುರೋಗವಲ್ಲ, ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಲದ ಲಕ್ಷಣ. ನಮ್ಮ ಎರೆಮಣ್ಣಿನಲ್ಲಿ ಸುಣ್ಣಕ್ಕೆ ಸಾಮಾನ್ಯವಾಗಿ ಬರವಿಲ್ಲ. ಆದರೆ ಅದನ್ನು ಬೇರಿನಿಂದ ಕಾಯಿಗೆ ಹೊತ್ತೊಯ್ಯುವ ಗಾಡಿ ನೀರು. ಗಾಡಿ ನಡುದಾರಿಯಲ್ಲಿ ನಿಂತರೆ ಮಾಲು ತಲುಪೀತೆ? ಔಷಧದ ದುಡ್ಡು ಮಾತ್ರ ಹೋಯಿತು.

ಯೂರಿಯಾ ಮಾಡುವ ಮೋಸ ಇನ್ನೂ ಸೂಕ್ಷ್ಮ. ಹಾಕಿದ ಕೆಲವೇ ದಿನಗಳಲ್ಲಿ ಗಿಡ ಕಡುಹಸಿರಾಗುತ್ತದೆ, ದಾರಿಹೋಕರು ನಿಂತು ನೋಡುತ್ತಾರೆ. ಆದರೆ ಸಾರಜನಕ ಅತಿಯಾದ ಗಿಡ ಎಲೆಯನ್ನೇ ಬೆಳೆಸುತ್ತದೆ. ಹೂವು ಕಾಯಿ ತಡವಾಗುತ್ತವೆ, ತುದಿ ಕಪ್ಪಾಗುವ ಕಾಟವೂ ಹೆಚ್ಚುತ್ತದೆ. ಹಣ್ಣಿಗೆ ಬಣ್ಣ, ರುಚಿ, ಗಟ್ಟಿತನ ಬರಲು ಪೊಟ್ಯಾಶ್ ಬೇಕು. ಯೂರಿಯಾದಲ್ಲಿ ಅದು ಇಲ್ಲ, ಡಿಎಪಿಯಲ್ಲೂ ಇಲ್ಲ. ಸರಕಾರದ ಸಹಾಯಧನದಿಂದ ಯೂರಿಯಾ ಅಗ್ಗ. ಅಗ್ಗವಾದುದನ್ನು ಕೈ ತೂಗಿ ನೋಡುವುದಿಲ್ಲ.

ದ್ರಾಕ್ಷಿ, ದಾಳಿಂಬೆಗೆ ಹನಿ ನೀರಾವರಿ ಮಾಡಿದವರೇ ಟೊಮ್ಯಾಟೊಕ್ಕೆ ಹಾಯಿನೀರು ಬಿಡುವುದುಂಟು. ಅದೇ ನಳಿಕೆಯಿಂದ ದಿನಕ್ಕಿಷ್ಟೆಂದು ಕೊಟ್ಟರೆ ನೀರೂ ಉಳಿದೀತು, ಕರಗುವ ಗೊಬ್ಬರವನ್ನೂ ಅದರಲ್ಲೇ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ನಳಿಕೆಗೆ ಅನುಕೂಲವಿಲ್ಲದವರು ಬುಡಕ್ಕೆ ಕಬ್ಬಿನ ರವದಿ ಹೊದಿಸಿ, ತಿಪ್ಪೆಗೊಬ್ಬರ ಸೇರಿಸಿದರೂ ತೇವ ಬೇಗ ಆರದು. ಹಣ್ಣು ಮಾಗುವಾಗ ನೀರನ್ನು ತುಸು ಕಡಿಮೆ ಮಾಡಿದರೆ ಸಿಹಿ ಏರುತ್ತದೆ, ತೂಕ ಇಳಿಯುತ್ತದೆ. ಪೇಟೆಯಲ್ಲಿ ತೂಕಕ್ಕೆ ದುಡ್ಡು, ಸಿಹಿಗಿಲ್ಲ! ಆ ಲೆಕ್ಕ ರೈತನಿಗೇ ಬಿಟ್ಟದ್ದು. ಬೆಲೆಯನ್ನಂತೂ ನಂಬುವಂತಿಲ್ಲ: 2023ರ ಜುಲೈದಲ್ಲಿ ಕಿಲೋಕ್ಕೆ 100 ರೂಪಾಯಿ ದಾಟಿದ ಟೊಮ್ಯಾಟೊ ಸಪ್ಟೆಂಬರದಲ್ಲಿ ನೆಲ ಕಚ್ಚಿತು. ಅಂಥ ಸಮಯದಲ್ಲಿ ಸೀಳಿದ ಹಣ್ಣನ್ನು ಕೇಳುವವರಾರು?

ಇದರಲ್ಲಿ ಮಕ್ಕಳ ಕೆಲಸವೂ ಇದೆ. ಮಣ್ಣು ಪರೀಕ್ಷೆಯ ಕಾಗದ ಇಲ್ಲಿ ಮರಾಠಿಯಲ್ಲಿ ಬರುತ್ತದೆ. ಮನೆಯ ಹಿರಿಯರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು, ಎರಡೂ ಭಾಷೆ ಓದುವ ನೀವೇ. ಯೂರಿಯಾದಲ್ಲಿ ಸಾರಜನಕ 100ಕ್ಕೆ 46 ಪಾಲು. 45 ಕಿಲೋದ ಚೀಲದಲ್ಲಿ ಎಷ್ಟಾಯಿತು? 20 ಕಿಲೋ 700 ಗ್ರಾಂ. ಕಾಗದ ಎಷ್ಟು ಹಾಕೆನ್ನುತ್ತದೆ, ಅಪ್ಪ ಎಷ್ಟು ಹಾಕಿದರು, ನೀರು ಯಾವ ದಿನ ಹಾಯಿತು, ಬುಟ್ಟಿಯಲ್ಲಿ ಸೀಳಿದ ಹಣ್ಣು ಎಷ್ಟು ಎಂದು ಒಂದು ವಹಿಯಲ್ಲಿ ಬರೆದಿಡಿರಿ. ಸುಗ್ಗಿ ಮುಗಿದ ಮೇಲೆ ಆ ವಹಿಯನ್ನು ಶಾಲೆಗೆ ತನ್ನಿರಿ. ಕನ್ನಡದ ತಾಸಿನಲ್ಲೇ ಓದೋಣ.