ಮುಗಿಸುವ ಹಕ್ಕು

ಮಗಳನ್ನು ಪಿಯುಸಿಗೆ ಕಳಿಸುತ್ತಿರುವವನು, ಗಡ್ಡದಲ್ಲಿ ಬಿಳಿಗೂದಲು ಇಣುಕಿದವನು, ನಾಲ್ಕು ಕಥೆ ಬರೆದು ಹೆಸರು ಮಾಡಿಕೊಂಡವನು ರಾತ್ರಿ ಊಟವಾದ ಮೇಲೆ ವೀಡಿಯೊ ಗೇಮ್ ಆಡುತ್ತಾನೆಂದರೆ ಜನ ಏನೆಂದಾರು? ಗುರಪ್ಪನಪಾಳ್ಯದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಾ ಗೆಳೆಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಮೊಹಲ್ಲಾದ ಹುಡುಗರೆಲ್ಲ ಮೊಬೈಲ್ ಆಟಕ್ಕೆ ಬಿದ್ದು ಹಾಳಾಗ್ತಿದ್ದಾರೆ. ಬುದ್ಧಿ ಹೇಳಬೇಕಾದ ನೀವೇ ಆಡ್ತಾ ಕೂತ್ರೆ ಹೇಗೆ ಸಾಹೇಬ್ರೆ?"

ಅಲ್ಲಿ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ. ಆಟಗಳಲ್ಲಿ ಎರಡು ಬಗೆ. ಒಂದು ಮುಗಿಯುವ ಆಟ, ಇನ್ನೊಂದು ಮುಗಿಯದ ಆಟ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಎರಡನೆಯದರ ವ್ಯಾಪಾರಿಗಳಿಗೆ ಉಪಕಾರ ಮಾಡುತ್ತಿದ್ದಾರೆ.

1995ರ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅಬ್ಬಾ ನನ್ನನ್ನು ತಿಲಕ್‌ನಗರದ ಹತ್ತಿರದ ಒಂದು ಕಂಪ್ಯೂಟರ್ ತರಗತಿಗೆ ಸೇರಿಸಿದರು. ಏಳನೆಯವರೆಗೆ ಉರ್ದು, ಆಮೇಲೆ ಕನ್ನಡದಲ್ಲಿ ಓದಿದ ನನಗೆ ಡಾಸ್, ವರ್ಡ್‌ಸ್ಟಾರ್, ಲೋಟಸ್ ಎಂಬುವು ಹೊಸದೊಂದು ಭಾಷೆಯೇ ಆಗಿದ್ದವು. ಪಾಠ ಮುಗಿದ ಮೇಲೆ ಕಾಲು ಗಂಟೆ ಮೇಷ್ಟ್ರು ನೋಡಿಯೂ ನೋಡದವರಂತೆ ಇರುತ್ತಿದ್ದರು. ಆಗ ಫ್ಲಾಪಿಯಿಂದ 'ಪ್ರಿನ್ಸ್ ಆಫ್ ಪರ್ಷಿಯಾ' ಎದ್ದು ಬರುತ್ತಿತ್ತು.

ಅಮೆರಿಕದ ಜೋರ್ಡಾನ್ ಮೆಕ್ನರ್ 1989ರಲ್ಲಿ ಹೊರತಂದ ಆಟ ಅದು. ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವೀಡಿಯೊ ತೆಗೆದು, ಆ ಚಿತ್ರಗಳನ್ನು ಒಂದೊಂದಾಗಿ ನೋಡಿಕೊಂಡು ಆತ ರಾಜಕುಮಾರನ ಚಲನೆಯನ್ನು ಬಿಡಿಸಿದ್ದ. ಸುಲ್ತಾನ ಊರಲ್ಲಿಲ್ಲ. ವಜೀರ ಜಾಫರ್ ರಾಜಕುಮಾರಿಯನ್ನು ಸೆರೆಯಿಟ್ಟು ಒಂದು ಗಂಟೆ ಗಡುವು ಕೊಟ್ಟಿದ್ದಾನೆ. ನೆಲಮಾಳಿಗೆಯಲ್ಲಿ ಬಿದ್ದ ನಾಯಕ ಅರವತ್ತು ನಿಮಿಷದೊಳಗೆ ಅವಳನ್ನು ತಲುಪಬೇಕು. ಇಷ್ಟೇ ಕಥೆ.

ನಮ್ಮದು ನಕಲು ಫ್ಲಾಪಿ ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ಹಂತ ದಾಟಿದರೆ ಸಾಲಾಗಿ ಔಷಧದ ಬಾಟಲಿಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಇರುವುದನ್ನು ಕುಡಿಯಬೇಕು. ತಪ್ಪಿದರೆ ಪ್ರಾಣಕ್ಕೆ ಕುತ್ತು. ಹಣ ಕೊಟ್ಟು ಕೊಂಡವನ ಬಳಿ ಮಾತ್ರ ಕೈಪಿಡಿ ಇರುತ್ತಿತ್ತು. ನಾವು ಅಂದಾಜಿನ ಮೇಲೆ ಕುಡಿದು ಸಾಯುತ್ತಿದ್ದೆವು. ಹೇಗೋ ಬದುಕಿ ನಾಲ್ಕನೆಯ ಹಂತಕ್ಕೆ ಬಂದರೆ ದಾರಿಗೆ ಅಡ್ಡಲಾಗಿ ಒಂದು ಆಳೆತ್ತರದ ಕನ್ನಡಿ. ಅದರ ಮುಂದೆ ನಾನು ನಿಂತೆ. ರಜೆ ಮುಗಿಯಿತು, ತರಗತಿ ಮುಗಿಯಿತು, ಆಟ ಮುಗಿಯಲಿಲ್ಲ.

ಮೂವತ್ತು ವರ್ಷದ ಮೇಲೆ, ಹಳೆಯ ಡಾಸ್ ಕಾರ್ಯಕ್ರಮಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಮತ್ತೆ ಆ ಕನ್ನಡಿಯ ಮುಂದೆ ನಿಂತೆ. ಯಾಕೆ ನಿಂತೆ ಎಂಬುದಕ್ಕೆ ಕಾರಣವಿದೆ.

ನನ್ನ ಅಕ್ಕನ ಮಗ ಜಯನಗರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. 2023ರಲ್ಲಿ, ಏಳು ತಿಂಗಳೊಳಗೆ, ತಂಗಿಯ ಮದುವೆಗೆಂದು ಕೂಡಿಟ್ಟಿದ್ದ 1,80,000 ರೂಪಾಯಿಯನ್ನು ಮೊಬೈಲಿನ ರಮ್ಮಿಯಲ್ಲಿ ಕಳೆದ. ಮೊದಲ ದಿನ ಅವನು ಗೆದ್ದಿದ್ದ. ಅದೇ ಅವನ ದುರದೃಷ್ಟ. ಆಪಾ ಅತ್ತು ಕರೆದು ನನ್ನನ್ನು ಕರೆಸಿದರು. ನಾನು ಬೈದೆ. ಅವನು ತಲೆತಗ್ಗಿಸಿಕೊಂಡೇ ಕೇಳಿದ: "ಮಾಮು, ನೀವೂ ಚಿಕ್ಕೋರಿದ್ದಾಗ ಆಡ್ತಿದ್ದೆ ಅಂತ ಹೇಳ್ತಿದ್ರಲ್ಲ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕಲೆಂದೇ ಹಳೆಯ ಆಟಕ್ಕೆ ಹಿಂತಿರುಗಿದೆ.

ಸಿಕ್ಕಿದ ಉತ್ತರ ಹೀಗಿದೆ. ಮುಗಿಯುವ ಆಟವನ್ನು ಮಾಡಿದವನು ನಿಮಗೆ ಒಂದು ಮಾತು ಕೊಟ್ಟಿರುತ್ತಾನೆ. ಕಷ್ಟಪಡು, ಕಲಿ, ಸೋಲು, ಕೊನೆಗೆ ನಿನ್ನನ್ನು ಬಿಟ್ಟುಬಿಡುತ್ತೇನೆ ಎಂಬುದು ಆ ಮಾತು. ಕಥೆಗಾರನೂ ಓದುಗನಿಗೆ ಕೊಡುವ ಮಾತು ಇದೇ. ಮುಗಿಯದ ಆಟವನ್ನು ಮಾಡಿದವನು ನೀವು ಎದ್ದು ಹೋಗದಂತೆ ನೋಡಿಕೊಳ್ಳಲಿಕ್ಕೇ ಸಂಬಳ ಪಡೆಯುತ್ತಾನೆ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಗೆಳೆಯರು ಮುಂದೆ ಹೋದರೆಂಬ ಅವಮಾನ, ಸೋತಾಗ ಇನ್ನೊಂದೇ ಒಂದು ಕೈ. ಇದೆಲ್ಲ ಆಕಸ್ಮಿಕವೆಂದು ನಂಬುವಷ್ಟು ಮುಗ್ಧರೇ ನಾವು? ಕುರ್‌ಆನ್ ಮದ್ಯವನ್ನೂ ಜೂಜನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ ದೂರವಿರಿ ಎಂದಿತು. ಮಹಾಭಾರತದ ಪಗಡೆಯ ಸಭೆಯಲ್ಲಿ ಧರ್ಮರಾಯನಿಗೂ ಎದ್ದು ಬರಲಾಗಲಿಲ್ಲ. ನಮ್ಮ ಎರಡೂ ಪರಂಪರೆಗಳಿಗೆ ಗೊತ್ತಿದ್ದ ಈ ರೋಗವನ್ನು ಕ್ರಿಕೆಟ್ ತಾರೆಯರು 'ಕೌಶಲದ ಆಟ' ಎಂದು ಮಾರಿದಾಗ ನಾವೆಲ್ಲಿದ್ದೆವು?

ಕ್ಯಾರಂ ಬೋರ್ಡನ್ನೂ ಟಿವಿಯನ್ನೂ ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ನಮ್ಮ ಹಿರಿಯರು ಜೇಬಿನೊಳಗೆ ಬಂದು ಕುಳಿತ ಜೂಜಿನ ಅಡ್ಡೆಯ ಬಗ್ಗೆ ಬಾಯಿ ತೆರೆಯಲು ಬಹಳ ತಡಮಾಡಿದರು. ಸರ್ಕಾರಗಳೂ ಅಷ್ಟೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನನ್ನ ಅಕ್ಕನ ಮಗ ಹಣ ಕಳೆದದ್ದು ಅದರ ಮರುವರ್ಷ. ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮದುವೆಯ ಹಣ ಹೋಗಿತ್ತು. ಆ ಕಾಯ್ದೆಯೂ ಮುಟ್ಟಿದ್ದು ಪಣವನ್ನು. ಪಣವಿಲ್ಲದೆಯೇ ಸಮಯವನ್ನು ನುಂಗುವ, ಕೊನೆಯೇ ಇಲ್ಲದ ಆಟಗಳು ಹಾಗೆಯೇ ಇವೆ.

"ಸರಿ, ಹಳೆಯ ಆಟಗಳೇನು ಸಾಚಾವೇ?" ಎಂದು ನೀವು ಕೇಳಬಹುದು. ಅಲ್ಲ. ಉರ್ದು ಓದಿದ ನನಗೆ ಅಲಿಫ್ ಲೈಲಾದ ಜಾಫರ್ ಗೊತ್ತು. ಖಲೀಫ ಹಾರೂನ್ ರಶೀದ್ ವೇಷ ಮರೆಸಿಕೊಂಡು ಬಗ್ದಾದಿನ ಬೀದಿ ಸುತ್ತುವಾಗ ಜೊತೆಗಿರುತ್ತಿದ್ದ ವಜೀರ ಆತ. ಪಶ್ಚಿಮದ ಸಿನಿಮಾಗಳು ಆ ಹೆಸರನ್ನು ದುಷ್ಟನಿಗೆ ಅಂಟಿಸಿದವು. ಈ ಆಟವೂ ಅದನ್ನೇ ಎತ್ತಿಕೊಂಡಿತು. ಹದಿನೈದರಲ್ಲಿ ನನಗದು ಹೊಳೆದಿರಲಿಲ್ಲ. 2009ರ 'ಕಾಲ್ ಆಫ್ ಡ್ಯೂಟಿ'ಯ ಕರಾಚಿಯಲ್ಲಂತೂ ಅಂಗಡಿಗಳ ಬೋರ್ಡುಗಳು ಉರ್ದುವಿನ ಬದಲು ಅರಬ್ಬಿಯಲ್ಲಿದ್ದವು. ಗುಂಡು ಹಾರಿಸಲು ಊರು ಬೇಕು, ಆ ಊರಿನ ಭಾಷೆ ಬೇಡ! ಇಂಥದ್ದನ್ನು ಬಿಡಿಸಿ ಹೇಳಬೇಕಾದರೂ ಆಟವನ್ನು ಮತ್ತೆ ತೆರೆದು, ಕೊನೆಯವರೆಗೂ ಹೋಗಿ ನೋಡಿರಬೇಕು. ಓದದೆ ಪುಸ್ತಕವನ್ನು ಸುಡುವವರ ಸಾಲಿಗೆ ನಾನು ಸೇರಲಾರೆ.

ಆದರೆ ಮತ್ತೆ ತೆರೆಯುವ ಅವಕಾಶವನ್ನೇ ಈಗ ಕಿತ್ತುಕೊಳ್ಳಲಾಗುತ್ತಿದೆ. 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರೋಟದ ಆಟವನ್ನು ಜನ ಹಣ ಕೊಟ್ಟು ಕೊಂಡಿದ್ದರು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ ಅದರ ಸರ್ವರ್ ನಿಲ್ಲಿಸಿತು. ಒಬ್ಬನೇ ಕೂತು ಆಡುವವನಿಗೂ ಬಾಗಿಲು ಮುಚ್ಚಿತು. ಕೊಂಡ ಪುಸ್ತಕವನ್ನು ಪ್ರಕಾಶಕ ಹತ್ತು ವರ್ಷದ ಮೇಲೆ ನಮ್ಮ ಬೀರುವಿನಿಂದ ಎತ್ತಿಕೊಂಡು ಹೋದರೆ ಸುಮ್ಮನಿರುತ್ತೇವೆಯೇ? ಯುರೋಪಿನಲ್ಲಿ ಇದರ ವಿರುದ್ಧ ನಡೆದ ಸಹಿ ಸಂಗ್ರಹ 2025ರ ಜುಲೈನಲ್ಲಿ 10 ಲಕ್ಷ ದಾಟಿತು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಇದಕ್ಕೆ ವಿರುದ್ಧ ಮೆಕ್ನರ್ ಮಾಡಿದ್ದನ್ನು ನೋಡಿ. ಕಳೆದೇಹೋಯಿತೆಂದುಕೊಂಡಿದ್ದ ಪ್ರಿನ್ಸ್‌ನ ಮೂಲ ಫ್ಲಾಪಿಗಳು 2012ರಲ್ಲಿ ಆತನ ತಂದೆಯ ಮನೆಯಲ್ಲಿ ಸಿಕ್ಕಾಗ, ಆತ ಅದರ ಸಂಕೇತಗಳನ್ನು ಎಲ್ಲರಿಗೂ ನೋಡಲು ಬಿಟ್ಟುಕೊಟ್ಟ.

ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಬಿಟಿಎಂ ಲೇಔಟಿನ ಬಾಡಿಗೆ ಕೋಣೆಗಳಲ್ಲಿ, ಜೆ.ಪಿ. ನಗರದ ಫ್ಲ್ಯಾಟುಗಳಲ್ಲಿ ತಂತ್ರಾಂಶ ಬರೆಯುವ ಸಾವಿರಾರು ಮಕ್ಕಳಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ಎದ್ದು ಹೋಗಲು ಬಿಡುವ ಆಟಗಳನ್ನು ಬರೆಯಿರಿ. ತಂದೆತಾಯಿಗಳಲ್ಲಿ ಇನ್ನೊಂದು: ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು "ಈ ಆಟ ಎಲ್ಲಿ ಮುಗಿಯುತ್ತೆ?" ಎಂದು ಕೇಳಿ. ಮಗುವಿಗೆ ಉತ್ತರ ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ನೀವೇ ನೋಡಿ.

ಕನ್ನಡಿಯ ಗುಟ್ಟು ಈಗ ತಿಳಿಯಿತು. ಓಡಿಬಂದು ಅದರೊಳಕ್ಕೇ ಹಾರಬೇಕು. ಹಾರಿದರೆ ರಾಜಕುಮಾರನ ನೆರಳು ಅವನಿಂದ ಬೇರ್ಪಟ್ಟು ಓಡಿಹೋಗುತ್ತದೆ. ಕೊನೆಯ ಹಂತದಲ್ಲಿ ಅದೇ ನೆರಳು ಕತ್ತಿ ಹಿಡಿದು ಎದುರಾಗುತ್ತದೆ. ಅದಕ್ಕೆ ಹೊಡೆದ ಪ್ರತಿ ಏಟೂ ನಮಗೇ ಬೀಳುತ್ತದೆ. ನಾನು ಮೂರು ರಾತ್ರಿ ಹಾಗೆಯೇ ಸತ್ತೆ. ನಾಲ್ಕನೆಯ ರಾತ್ರಿ ಅಕ್ಕನ ಮಗ ಪಕ್ಕದಲ್ಲಿದ್ದ. "ಹೊಡೀಬೇಡಿ ಮಾಮು, ಕತ್ತಿ ಒರೆಗೆ ಹಾಕಿ ನೋಡಿ" ಅಂದ. ಹಾಕಿದೆ. ನೆರಳೂ ಹಾಕಿತು. ಇಬ್ಬರೂ ನಡೆದು ಬಂದು ಒಂದಾದರು.

ಜಾಫರ್ ಸತ್ತ, ರಾಜಕುಮಾರಿ ಸಿಕ್ಕಳು, ಪರದೆಯ ಮೇಲೆ ಕೊನೆಯ ಮಾತು ಬಂತು.

"ಆಮೇಲೆ?" ಎಂದ ಹುಡುಗ.

"ಆಮೇಲೆ ಏನೂ ಇಲ್ಲ ಬೇಟಾ, ಮುಗೀತು. ಹೋಗಿ ಮಲಕೋ" ಎಂದೆ.

ಅವನು ಎದ್ದು ಹೋದ. ಹೋಟೆಲಿನ ಗೆಳೆಯರಿಗೆ ನನ್ನ ಉತ್ತರ ಅಷ್ಟೇ.