ಚಿತ್ತಾರದ ಹಲಗೆಗೆ ಬೆಲೆ ಕಟ್ಟುವ ಬಗೆ

ವಿಜಯಪುರ, ಬಾಗಲಕೋಟೆ, ಗದಗ ಸೀಮೆಗಳಿಂದ ದುಡಿಮೆಯನ್ನರಸಿ ಕುಂಕಳ್ಳಿಯ ಸುತ್ತಮುತ್ತ ನೆಲೆಸಿದ ಕುಟುಂಬಗಳಲ್ಲಿ ಬಡಗಿತನವನ್ನೇ ನಂಬಿದವರೂ ಇದ್ದಾರೆ. ಅಂಥ ಒಬ್ಬ ಬಡಗಿಗೆ ಹಳೆಯ ಮನೆಯೊಂದನ್ನು ಕೆಡವಿದಾಗ ಬೀಟೆಯ ದಪ್ಪ ತೊಲೆಯೊಂದು ದೊರೆಯಿತೆಂದು ಇಟ್ಟುಕೊಳ್ಳಬಹುದು. ಕೊಯ್ದು ನೋಡಿದರೆ ಒಳಗೆ ಅಲೆಅಲೆಯಾದ ಚಿತ್ತಾರ. ಬೆಳೆರಕ್ಷಣೆಯ ಬಂದೂಕು ಇಟ್ಟುಕೊಂಡ ಗಿರಾಕಿಯೊಬ್ಬ ಬಂದು, ಮುರಿದ ಹಿಡಿಯ ಬದಲಿಗೆ ಈ ಮರದಲ್ಲಿ ಹೊಸದೊಂದನ್ನು ಮಾಡಿಕೊಡುವಂತೆ ಕೇಳುತ್ತಾನೆ. ಬಡಗಿಯ ಮುಂದೆ ಆಗ ಎರಡು ಪ್ರಶ್ನೆಗಳು ಏಳುತ್ತವೆ: ಮರಕ್ಕೆ ಎಷ್ಟು ಕೇಳಬೇಕು? ಕೆಲಸಕ್ಕೆ ಕೈ ಹಾಕಬಹುದೆ?

ಮೊದಲನೆಯದರಲ್ಲಿ ಸಾಮಾನ್ಯವಾಗಿ ನಷ್ಟವಾಗುವುದು ಲೆಕ್ಕದ ರೀತಿಯಿಂದಲೇ. ಬಂದೂಕಿನ ಹಿಡಿಗೆ ಬೇಕಾದ ತುಂಡು ಸುಮಾರು 32 ಅಂಗುಲ ಉದ್ದ, 8 ಅಂಗುಲ ಅಗಲ, ಎರಡೂವರೆ ಅಂಗುಲ ದಪ್ಪವಿದ್ದರೆ ಅದು 640 ಘನ ಅಂಗುಲ. ಘನ ಅಡಿಗೆ 1,728 ಘನ ಅಂಗುಲವಾದ್ದರಿಂದ, ಏಳನೆಯ ತರಗತಿಯ ಮಗಳು ಹೇಳಿಬಿಡುತ್ತಾಳೆ: 0.37 ಘನ ಅಡಿ. ಘನ ಅಡಿಯ ದರದಲ್ಲಿ ಮಾರಿದರೆ ಬಾಗಿಲ ಚೌಕಟ್ಟಿನ ಬೆಲೆಯೇ ಈ ತುಂಡಿಗೂ ಬರುತ್ತದೆ. ಚಿತ್ತಾರದ ಮರವನ್ನು ಬಲ್ಲವರು ಅಳತೆಯಿಂದ ಮಾರುವುದಿಲ್ಲ, ತುಂಡಿನಿಂದ ಮಾರುತ್ತಾರೆ. ಒಂದೇ ದಿಮ್ಮಿಯ ಎರಡು ಹಲಗೆಗಳ ನಡುವೆ ಬೆಲೆಯ ಅಂತರ ಹಲವು ಪಟ್ಟು ಇರಬಹುದು.

ಆದರೆ ಚಿತ್ತಾರ ಕಂಡ ಮಾತ್ರಕ್ಕೆ ಬೆಲೆ ಏರುವುದಿಲ್ಲ, ಅದು ಎಲ್ಲಿದೆ ಎಂಬುದು ಮುಖ್ಯ. ಭುಜಕ್ಕೆ ಆನಿಸುವ ಅಗಲವಾದ ಭಾಗದಲ್ಲಿ ನಾರು ಎಷ್ಟು ಅಲೆಯಾಡಿದರೂ ಚೆಲುವೇ. ಕೈ ಹಿಡಿಯುವ ಸಣ್ಣ ಕತ್ತಿನಲ್ಲಿ ಮಾತ್ರ ನಾರು ಉದ್ದಕ್ಕೆ ನೇರವಾಗಿ ಹರಿಯಬೇಕು. ಗುಂಡು ಹಾರಿದಾಗಿನ ಒದೆತವೆಲ್ಲ ಆ ಕತ್ತಿನ ಮೂಲಕವೇ ಭುಜಕ್ಕೆ ದಾಟುತ್ತದೆ. ಅಲ್ಲಿ ನಾರು ಓರೆಯಾಗಿ ಹೊರಬಿದ್ದಿದ್ದರೆ ಎಷ್ಟು ಅಂದದ ಹಿಡಿಯಾದರೂ ಒಂದು ದಿನ ಸೀಳುತ್ತದೆ. ಕವಲಿನ ಮರ, ಗಂಟಿನ ಮರ ನೋಡಲು ಅತ್ಯಂತ ಸೊಗಸು, ಕತ್ತಿಗೆ ಅತ್ಯಂತ ಅಪಾಯ. ಆದ್ದರಿಂದ ಹಲಗೆಯ ಮೇಲೆ ಹಿಡಿಯ ಆಕಾರದ ರಟ್ಟನ್ನಿಟ್ಟು ಸೀಸದಕಡ್ಡಿಯಿಂದ ಗೆರೆ ಎಳೆದು ನೋಡದೆ ಬೆಲೆ ಹೇಳುವುದು ಕುರುಡು ವ್ಯಾಪಾರ.

ಎರಡೂ ಮುಖಗಳನ್ನು ರಂದ ಹೊಡೆದು, ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ತಾರದ ನಿಜಸ್ವರೂಪ ಕ್ಷಣಕಾಲ ತೋರುತ್ತದೆ. ಒಂದೇ ಮುಖದಲ್ಲಿ ಕಂಡರೆ ಅರ್ಧ ಬೆಲೆಯೂ ದೊಡ್ಡದು, ಏಕೆಂದರೆ ಬಂದೂಕಿಗೆ ಎರಡು ಮಗ್ಗುಲುಗಳಿವೆ. ಅಂಚಿನ ಬಿಳಿಮರದಲ್ಲಿ ಹುಳು ಹೊಕ್ಕ ಸಣ್ಣ ತೂತುಗಳಿವೆಯೆ, ತುದಿಗಳಲ್ಲಿ ಕೂದಲೆಳೆಯ ಬಿರುಕು ಒಳಗೆ ಎಷ್ಟು ದೂರ ಹೋಗಿದೆ, ಹಳೆಯ ಮೊಳೆಯ ತುಂಡು ಹುದುಗಿದೆಯೆ ಎಂಬುದನ್ನು ಕಣ್ಣಿಟ್ಟು ಹುಡುಕಬೇಕು. ಹಸಿಮರವಾದರೆ ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕೆಂಬುದು ಕಸುಬಿನವರ ಸ್ಥೂಲ ಲೆಕ್ಕ. ತುದಿಗಳಿಗೆ ಮೇಣ ಬಳಿದಿಟ್ಟರೆ ಸೀಳು ಕಡಿಮೆ. ಒಣಗಿತೋ ಇಲ್ಲವೋ ತಿಳಿಯಲು ದುಬಾರಿ ಯಂತ್ರ ಬೇಡ: ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟು, ಮಳೆಗಾಲ ಬಿಟ್ಟ ತಿಂಗಳುಗಳಲ್ಲಿ ತೂಕ ಇಳಿಯುವುದು ನಿಂತಿತೆ ಎಂದು ನೋಡಿದರೆ ಸಾಕು.

ತೂಕದ ಮಾತು ಬಂದಾಗ ಬೀಟೆಯ ಒಂದು ಕೊರತೆಯನ್ನೂ ಹೇಳಬೇಕು. ಮೇಲೆ ಹೇಳಿದ ಅಳತೆಯ ಬೀಟೆಯ ತುಂಡು ಸುಮಾರು 9 ಕೆ.ಜಿ. ತೂಗುತ್ತದೆ. ಅದೇ ಅಳತೆಯ ಅಕ್ರೋಟು ಮರ 7 ಕೆ.ಜಿ.ಯ ಒಳಗೇ. ಲೋಕದಲ್ಲೆಲ್ಲ ಬಂದೂಕಿಗೆ ಅಕ್ರೋಟನ್ನೇ ಮೆಚ್ಚುವುದಕ್ಕೆ ಈ ಹಗುರತನ, ಒದೆತ ತಾಳುವ ಗುಣ, ಉಳಿಗೆ ಒಲಿಯುವ ಮೃದುತನ ಕಾರಣ. ಕಾಶ್ಮೀರದಲ್ಲಿ ಅಕ್ರೋಟನ್ನು 1969ರ ಕಾಯ್ದೆಯೊಂದು ವಿಶೇಷವಾಗಿ ರಕ್ಷಿಸುತ್ತದೆ. ಬೀಟೆಯ ಚಿತ್ತಾರಕ್ಕೆ ಮೈಸೂರಿನ ಕೆತ್ತನೆಯವರು, ವೀಣೆ ಮಾಡುವವರು, ಮನೆಯ ಪೀಠೋಪಕರಣ ಬಯಸುವವರು ಕೊಡುವ ಬೆಲೆ ಬಂದೂಕಿನವರು ಕೊಡುವುದಕ್ಕಿಂತ ಕಡಿಮೆಯಿರಲಾರದು. ಮೊದಲ ಗಿರಾಕಿಗೇ ಒಪ್ಪಿಸಿಬಿಡುವ ಆತುರ ಬೇಡ. ಇನ್ನು 2015ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಟಿಪ್ಪು ಸುಲ್ತಾನನ ಶಸ್ತ್ರಸಂಗ್ರಹಕ್ಕೆ ಬಂದ ಕೋಟಿಗಳ ಬೆಲೆಯನ್ನು ಕೆಲವರು ಉದಾಹರಿಸುವುದುಂಟು. ಅಲ್ಲಿ ಮಾರಾಟವಾದದ್ದು ಹೆಸರು, ಮರವಲ್ಲ.

ಎರಡನೆಯ ಪ್ರಶ್ನೆ ಹಣದ್ದಲ್ಲ, ಸೆರೆಮನೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆಗೆ ಮಾತ್ರವಲ್ಲ, ದುರಸ್ತಿಗೂ ಪರವಾನಗಿ ಬೇಕು. ಶಸ್ತ್ರವೆಂಬ ಪದದ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ಸೇರಿವೆ. ಗಿರಾಕಿಯ ಕೈಯಲ್ಲಿ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಇದ್ದ ಮಾತ್ರಕ್ಕೆ ಬಡಗಿಗೆ ದುರಸ್ತಿಯ ಪರವಾನಗಿ ಬಂದಂತಾಗುವುದಿಲ್ಲ. 2019ರ ತಿದ್ದುಪಡಿಯ ನಂತರ 25ನೆಯ ಕಲಮಿನಡಿ ಈ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ. ‘ನಾನು ಮರದ ಕೆಲಸವಷ್ಟೇ ಮಾಡಿದೆ, ಕಬ್ಬಿಣ ಮುಟ್ಟಲಿಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ದೂರ ಸಾಗುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿಯಿದೆ, ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅದನ್ನು ಕೇಳಿ ಕುಂಕಳ್ಳಿಯ ಬಡಗಿ ಧೈರ್ಯ ತಾಳುವಂತಿಲ್ಲ. ಬಂದೂಕಿನ ಒಡೆಯನು ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಗೆ ಹೋಗಲಿ. ಬಡಗಿ ಆ ವ್ಯಾಪಾರಿಗೆ ಹಲಗೆಯನ್ನು ಹಲಗೆಯಾಗಿಯೇ ಮಾರಲಿ, ರಸೀದಿ ಪಡೆಯಲಿ.

ಮಾರುವ ಮುನ್ನ ಮರದ ಹುಟ್ಟನ್ನು ತೋರಿಸುವ ಕಾಗದವೂ ಇರಬೇಕು. ಗೋವಾದಲ್ಲಿ ಜಾರಿಯಲ್ಲಿರುವ 1927ರ ಭಾರತೀಯ ಅರಣ್ಯ ಕಾಯ್ದೆಯ 69ನೆಯ ಕಲಂ ಮನೆಮಂದಿಗೆ ಅಚ್ಚರಿ ತರುವಂಥದ್ದು: ಅರಣ್ಯ ಉತ್ಪನ್ನ ಸರ್ಕಾರದ್ದೇ ಎಂಬ ಪ್ರಶ್ನೆ ವ್ಯವಹರಣೆಯಲ್ಲಿ ಎದ್ದರೆ, ಬೇರೆಯವರದೆಂದು ರುಜುವಾತಾಗುವವರೆಗೂ ಅದು ಸರ್ಕಾರದ್ದೇ ಎಂದು ಭಾವಿಸಲಾಗುತ್ತದೆ. ಅಂದರೆ ರುಜುವಾತಿನ ಭಾರ ಇಟ್ಟುಕೊಂಡವನ ಮೇಲೆ. ಕೊಯ್ದು, ಕೆತ್ತಿ ರೂಪ ಕೊಟ್ಟರೂ ಮರವು ‘ನಾಟಾ’ ಎಂಬ ವ್ಯಾಖ್ಯೆಯಿಂದ ಹೊರಬೀಳುವುದಿಲ್ಲವೆಂದು ಅದೇ ಕಾಯ್ದೆಯ 2ನೆಯ ಕಲಂ ಹೇಳುತ್ತದೆ. ಮರವನ್ನು ದಾಂಡೇಲಿ ಅಥವಾ ಹಳಿಯಾಳದ ಸರ್ಕಾರಿ ಡಿಪೋದ ಹರಾಜಿನಲ್ಲಿ ಕೊಂಡಿದ್ದರೆ ಹರಾಜಿನ ರಸೀದಿ ಮತ್ತು ರಹದಾರಿ ಪತ್ರ ಜೊತೆಗಿರಲಿ. ಅವಿಲ್ಲದೆ ಕಾರವಾರದ ಕಡೆಯಿಂದ ಮಾಜಾಳಿ ದಾಟಿ ತಂದ ಹಲಗೆಗೆ ಜಪ್ತಿಯೇ ಗತಿ, ಕೆಲವೊಮ್ಮೆ ಅದನ್ನು ಹೊತ್ತ ವಾಹನಕ್ಕೂ. ವಿದೇಶಕ್ಕೆ ಕಳುಹಿಸುವ ಆಸೆಯಿದ್ದರೆ, ಬೀಟೆಯ ಇಡೀ ಕುಲವೇ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ.

ಕೆಡವಿದ ಮನೆಯ ತೊಲೆಗೆ ಇಂಥ ಹರಾಜಿನ ಕಾಗದ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಮನೆಯ ಒಡೆಯನ ಸಹಿಯುಳ್ಳ ಮಾರಾಟದ ಚೀಟಿ, ಅದರಲ್ಲಿ ಮನೆಯ ಸಂಖ್ಯೆ, ದಿನಾಂಕ, ತೊಲೆಯ ಅಳತೆ, ಮತ್ತು ಸಾಧ್ಯವಾದರೆ ತೊಲೆ ಇನ್ನೂ ಮಾಡಿನಲ್ಲಿ ಇರುವಾಗಲೇ ತೆಗೆದ ಒಂದು ಛಾಯಾಚಿತ್ರ. ಚೀಟಿ ಬರೆಸಿಕೊಂಡ ಮೇಲೆ ಹತ್ತಿರದ ಅರಣ್ಯ ಕಚೇರಿಯಲ್ಲಿ ತೋರಿಸಿ, ಸಾಗಾಟಕ್ಕೆ ರಹದಾರಿ ಬೇಕೆ ಎಂದು ಲಿಖಿತವಾಗಿ ಕೇಳಿ, ಆ ಉತ್ತರವನ್ನು ಚೀಟಿಯೊಡನೆ ಕಟ್ಟಿಡಬೇಕು.